ಗಾಳಿ, ಮಳೆ, ಬಿಸಿಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಳೆ ಬಂದಾಗ ಅಂಗಳದಲ್ಲಿ ಬಕೆಟ್ ಇಟ್ಟು, ನಿಂತ ನೀರನ್ನು ಸ್ಕೇಲಿನಿಂದ ಅಳೆಯುತ್ತೇನೆ. ಹವಾಮಾನ ಕೇಂದ್ರ ಹೇಳುವ ಅಂಕಿಗಿಂತ ನನ್ನದು ಯಾವಾಗಲೂ ಹೆಚ್ಚು. ತಪ್ಪು ಎಲ್ಲಿದೆ?

ತಪ್ಪು ಬಕೆಟ್ಟಿನ ಆಕಾರದಲ್ಲಿದೆ. ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು. ಬಾಯಿಯ ವ್ಯಾಸ 30 ಸೆಂ.ಮೀ., ತಳದ್ದು 20 ಸೆಂ.ಮೀ. ಎಂದಿಟ್ಟುಕೊಳ್ಳಿ. 10 ಮಿ.ಮೀ. ಮಳೆ ಸುರಿದರೆ ಆ ಬಾಯಿಯೊಳಗೆ ಸುಮಾರು 707 ಮಿಲಿಲೀಟರ್ ನೀರು ಬೀಳುತ್ತದೆ. ಕಿರಿದಾದ ತಳದಲ್ಲಿ ಅದೇ ನೀರು 22 ಮಿ.ಮೀ. ಎತ್ತರಕ್ಕೆ ನಿಲ್ಲುತ್ತದೆ. ನೀವು ಓದಿದ್ದು ಆ 22ನ್ನು.

ಮಿಲಿಮೀಟರ್ ಮಳೆ ಎಂದರೆ, ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ಸಮತಟ್ಟಾದ ನೆಲದ ಮೇಲೆ ಹಾಗೇ ನಿಂತಿದ್ದರೆ ಎಷ್ಟು ಆಳ ಇರುತ್ತಿತ್ತು ಎಂಬ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಎಂದರೆ ಸರಿಯಾಗಿ 1 ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 25 ಮಿ.ಮೀ. ಬಿದ್ದರೆ 2,500 ಲೀಟರ್. ಮಳೆನೀರು ಹಿಡಿಯುವವರಿಗೆ ಇದಿಷ್ಟು ಲೆಕ್ಕ ಬಾಯಲ್ಲಿದ್ದರೆ ಸಾಕು.

ಬಕೆಟ್ಟನ್ನೇ ಬಳಸುವುದಾದರೆ ಆಳ ಅಳೆಯಬೇಡಿ, ನೀರನ್ನು ಅಳೆಯಿರಿ. ನೀರನ್ನು ಅಳತೆಯ ಜಾಡಿಗೆ ಸುರಿದು ಎಷ್ಟು ಮಿಲಿಲೀಟರ್ ಎಂದು ನೋಡಿ. ಬಾಯಿಯ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ಲೆಕ್ಕ ಹಾಕಿ. ಮಿಲಿಲೀಟರನ್ನು ವಿಸ್ತೀರ್ಣದಿಂದ ಭಾಗಿಸಿ 10ರಿಂದ ಗುಣಿಸಿದರೆ ಮಿಲಿಮೀಟರ್ ಸಿಗುತ್ತದೆ. 20 ಸೆಂ.ಮೀ. ವ್ಯಾಸದ ಆಲಿಕೆಯಾದರೆ ವಿಸ್ತೀರ್ಣ 314 ಚದರ ಸೆಂ.ಮೀ.; ಅದರಲ್ಲಿ 628 ಮಿಲಿಲೀಟರ್ ಸಿಕ್ಕಿದರೆ 20 ಮಿ.ಮೀ. ಮಳೆ.

ದಿನವೂ ಅಳೆಯುವ ಆಸೆ ಇದ್ದರೆ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಮಳೆಮಾಪಕ ಮಾಡಿಕೊಳ್ಳಬಹುದು. ಬದಿಗಳು ನೇರವಾಗಿರುವ ಬಾಟಲಿ ಆರಿಸಿ. ನಡುವೆ ಸೊಂಟದಂತೆ ಸಣ್ಣಗಾಗಿರುವುದು ಬೇಡ. ಕುತ್ತಿಗೆಯ ಇಳಿಜಾರು ಮುಗಿದು ಬದಿ ನೇರವಾಗುವಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಈ ಆಲಿಕೆ ಇಲ್ಲದಿದ್ದರೆ ಬಿಸಿಲಿಗೆ ನೀರು ಆವಿಯಾಗಿ ಅಂಕಿ ಕುಸಿಯುತ್ತದೆ. ತಳ ಉಬ್ಬುತಗ್ಗಾಗಿರುವುದರಿಂದ ಬೆಣಚುಕಲ್ಲು ಹಾಕಿ, ಬದಿ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಕಲ್ಲಿನ ಭಾರದಿಂದ ಬಾಟಲಿ ಗಾಳಿಗೆ ಉರುಳುವುದೂ ತಪ್ಪುತ್ತದೆ. ಓದುವಾಗ ಕಣ್ಣು ನೀರಿನ ಮಟ್ಟಕ್ಕೇ ಇರಲಿ. ನೀರು ಅಂಚಿನಲ್ಲಿ ತುಸು ಮೇಲೇರಿ ನಡುವೆ ತಗ್ಗಿರುತ್ತದೆ. ಲೆಕ್ಕಕ್ಕೆ ತಗ್ಗಿನ ಮಟ್ಟವೇ ಸರಿ.

ಜಾಗದ ಆಯ್ಕೆ ಉಪಕರಣದಷ್ಟೇ ಮುಖ್ಯ. ಗೋಡೆ ಅಥವಾ ಮರದ ಎತ್ತರ ಎಷ್ಟಿದೆಯೋ ಅದರ ಎರಡರಷ್ಟು ದೂರವಾದರೂ ಬೇಕು, ನಾಲ್ಕರಷ್ಟಿದ್ದರೆ ಒಳ್ಳೆಯದು. ತಾರಸಿಯ ಮೇಲೆ ಇಡಬೇಡಿ. ಅಲ್ಲಿ ಗಾಳಿ ಜೋರು. ಹನಿಗಳನ್ನು ಬಾಯಿಯ ಮೇಲಿಂದ ಆಚೆಗೆ ಹೊತ್ತೊಯ್ಯುತ್ತದೆ, ಅಂಕಿ ಕಡಿಮೆಯಾಗುತ್ತದೆ. ಸಿಮೆಂಟ್ ನೆಲವೂ ಬೇಡ, ಅಲ್ಲಿಂದ ಹನಿ ಚಿಮ್ಮಿ ಒಳಗೆ ಬೀಳುತ್ತದೆ. ಹುಲ್ಲುನೆಲದ ಮೇಲೆ, ಬಾಯಿ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಸಮತಟ್ಟಾಗಿರುವಂತೆ ನಿಲ್ಲಿಸಿ. ಪ್ರತಿದಿನ ಒಂದೇ ಹೊತ್ತಿಗೆ ಓದಿ, ಮಳೆ ಬಾರದ ದಿನ ಸೊನ್ನೆ ಎಂದೇ ಬರೆಯಿರಿ. ಖಾಲಿ ಬಿಟ್ಟ ದಿನ ಮಳೆ ಬರಲಿಲ್ಲವೋ, ನೀವು ಓದಲಿಲ್ಲವೋ ಎಂದು ಆಮೇಲೆ ತಿಳಿಯುವ ದಾರಿ ಇರುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೇಂದ್ರದ ಅಂಕಿಗೂ ನಿಮ್ಮದಕ್ಕೂ ವ್ಯತ್ಯಾಸ ಬಂದರೆ ಗಾಬರಿ ಬೇಡ. ಗುಡುಗು ಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲ ಇರುತ್ತದೆ. ಅಂಥ ದಿನ ಎರಡು ಅಂಕಿಗಳೂ ನಿಜ ಇರಬಹುದು.

ಪ್ರಶ್ನೆ: ಮೋಡ ಎಂದರೆ ನೀರು. ಹಾಗಾದರೆ ಅದು ಕೆಳಗೆ ಬೀಳದೆ ನಿಲ್ಲುವುದು ಹೇಗೆ?

ಬೀಳುತ್ತಲೇ ಇರುತ್ತದೆ, ಆದರೆ ತೀರಾ ನಿಧಾನವಾಗಿ. ಮೋಡದ ಸಾಮಾನ್ಯ ಹನಿಯ ವ್ಯಾಸ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಅಂಥ ಹನಿ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಇಳಿಯುತ್ತದೆ. ಕೆಳಗಿನಿಂದ ಏರುವ ಗಾಳಿಯ ವೇಗ ಅದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಹನಿ ಇಳಿಯಲು ಆಗುವುದಿಲ್ಲ. ಮೋಡದ ಅಂಚಿನಿಂದ ಜಾರಿದ ಹನಿ ಕೆಳಗಿನ ಒಣಗಾಳಿಯಲ್ಲಿ ಆವಿಯಾಗಿಬಿಡುತ್ತದೆ. ಹಾಗೆಂದು ಮೋಡ ಹಗುರವಲ್ಲ. ಒಂದು ಘನ ಕಿಲೋಮೀಟರಿನ ಬಿಳಿ ಮೋಡದಲ್ಲಿ ಘನ ಮೀಟರಿಗೆ ಅರ್ಧ ಗ್ರಾಂ ನೀರು ಎಂದು ಹಿಡಿದರೂ ಒಟ್ಟು 500 ಟನ್ ಆಗುತ್ತದೆ. ಇಂಥ ಸುಮಾರು ಹತ್ತು ಲಕ್ಷ ಹನಿಗಳು ಒಂದಾದಾಗ 2 ಮಿ.ಮೀ. ವ್ಯಾಸದ ಒಂದು ಮಳೆಹನಿ. ಅದು ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ.

ಪ್ರಶ್ನೆ: 38 ಡಿಗ್ರಿ ಇದ್ದ ದಿನ ಹೇಗೋ ತಡೆದುಕೊಳ್ಳುತ್ತೇವೆ, 32 ಡಿಗ್ರಿಯ ದಿನ ಸೆಖೆಗೆ ಜೀವ ಹೋಗುವಂತಾಗುತ್ತದೆ. ಯಾಕೆ? ಮೊಬೈಲಿನಲ್ಲಿ ತೋರಿಸುವ ತೇವಾಂಶದ ಶೇಕಡಾವಾರು ನಂಬಬಹುದೇ?

ಮೈ ತಂಪಾಗುವುದು ಬೆವರು ಬಂದಾಗ ಅಲ್ಲ, ಬೆವರು ಆರಿದಾಗ. ಒಂದು ಗ್ರಾಂ ಬೆವರು ಆರುವಾಗ ಸುಮಾರು 2,400 ಜೂಲ್ ಶಾಖವನ್ನು ಚರ್ಮದಿಂದ ಒಯ್ಯುತ್ತದೆ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆರದೆ ಹರಿದುಹೋಗುತ್ತದೆ. ನೀರು ಖರ್ಚಾಗುತ್ತದೆ, ತಂಪು ಸಿಗುವುದಿಲ್ಲ.

ಶೇಕಡಾವಾರು ಅಂಕಿ ಸುಳ್ಳಲ್ಲ, ಆದರೆ ಒಂಟಿಯಾಗಿ ಓದಿದರೆ ದಾರಿ ತಪ್ಪಿಸುತ್ತದೆ. ಅದು ಹೇಳುವುದು ಗಾಳಿಯಲ್ಲಿ ಎಷ್ಟು ಆವಿ ಇದೆ ಎಂದಲ್ಲ. ಆ ಉಷ್ಣಾಂಶದಲ್ಲಿ ಇರಬಹುದಾದ ಗರಿಷ್ಠದಲ್ಲಿ ಎಷ್ಟು ಪಾಲು ಇದೆ ಎಂದು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಹೆಚ್ಚೆಂದರೆ 17 ಗ್ರಾಂ ಆವಿ, 30 ಡಿಗ್ರಿಯಲ್ಲಿ 30 ಗ್ರಾಂ. ಬೆಳಗಿನ ಜಾವ 20 ಡಿಗ್ರಿಯಲ್ಲಿ ಶೇ. 100 ಇದ್ದದ್ದು ಮಧ್ಯಾಹ್ನ 30 ಡಿಗ್ರಿಯಾದಾಗ ಶೇ. 57ಕ್ಕೆ ಇಳಿಯುತ್ತದೆ, ಆವಿ ಒಂದು ಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ. ಅದಕ್ಕೇ ಬೆಳಗಿನ ಶೇ. 95 ಹಿತವಾಗಿದ್ದು ಮಧ್ಯಾಹ್ನದ ಶೇ. 60 ಬೇಯಿಸುತ್ತದೆ. ಮೊಬೈಲಿನಲ್ಲಿ ಇಬ್ಬನಿ ಬಿಂದು ತೋರಿಸುತ್ತಿದ್ದರೆ ಅದನ್ನು ನೋಡಿ. ಗಾಳಿಯನ್ನು ಎಷ್ಟು ಡಿಗ್ರಿಗೆ ತಂಪಾಗಿಸಿದರೆ ಇಬ್ಬನಿ ಕಟ್ಟುತ್ತದೆ ಎಂಬ ಅಂಕಿ ಅದು. ಇಬ್ಬನಿ ಬಿಂದು 24 ದಾಟಿದರೆ ಬಹುತೇಕ ಎಲ್ಲರಿಗೂ ಮೈ ಅಂಟಂಟು.

ಇನ್ನೂ ಒಳ್ಳೆಯ ಅಳತೆ ಒದ್ದೆ ಬಲ್ಬಿನ ಉಷ್ಣಾಂಶ, ಅಂದರೆ ತುದಿಯ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಅಂಕಿ. ಇದನ್ನು ಮನೆಯಲ್ಲೇ ಅಳೆಯಬಹುದು. ಒಂದೇ ಬಗೆಯ ಎರಡು ಉಷ್ಣಮಾಪಕ ತನ್ನಿ. ಮೊದಲು ಎರಡನ್ನೂ ಒಂದೇ ಪಾತ್ರೆಯ ನೀರಿನಲ್ಲಿ ಐದು ನಿಮಿಷ ಇಟ್ಟು, ಅಂಕಿಗಳಲ್ಲಿ ವ್ಯತ್ಯಾಸ ಇದ್ದರೆ ಬರೆದಿಟ್ಟುಕೊಳ್ಳಿ, ಆಮೇಲೆ ಕಳೆಯಬೇಕಾಗುತ್ತದೆ. ಒಂದರ ಬಲ್ಬಿಗೆ ಗಂಜಿ ಹೋಗುವಂತೆ ಒಗೆದ ತೆಳು ಹತ್ತಿಬಟ್ಟೆಯನ್ನು ಒಂದೇ ಸುತ್ತು ಸುತ್ತಿ, ಬಟ್ಟೆಯ ಬಾಲವನ್ನು ಕೆಳಗಿನ ಪುಟ್ಟ ಶೀಸೆಯ ನೀರಿನಲ್ಲಿ ಇಳಿಬಿಡಿ. ಬಟ್ಟಿ ಇಳಿಸಿದ ನೀರೇ ಆಗಬೇಕು. ಗಡಸು ನೀರಾದರೆ ಕೆಲವೇ ದಿನದಲ್ಲಿ ಬಟ್ಟೆಗೆ ಉಪ್ಪು ಕಟ್ಟಿ ನೀರು ಏರುವುದು ನಿಲ್ಲುತ್ತದೆ, ಅಂಕಿ ಮೇಲೆ ಹೋಗುತ್ತದೆ. ಎರಡೂ ನೆರಳಿನಲ್ಲಿರಲಿ. ಫ್ಯಾನ್ ಹಾಕಿ, ಒದ್ದೆಯ ಅಂಕಿ ಇಳಿದು ಒಂದೆಡೆ ನಿಲ್ಲುವವರೆಗೆ ಕಾಯಿರಿ. ಗಾಳಿ ಆಡದಿದ್ದರೆ ಬಟ್ಟೆಯ ಸುತ್ತ ಆವಿ ಕಟ್ಟಿಕೊಂಡು ಅಂಕಿ ಪೂರ್ತಿ ಇಳಿಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಉಸಿರು ತಾಗದಂತೆ ದೂರದಿಂದ, ಮೊದಲು ಒದ್ದೆಯದನ್ನು ಓದಿ.

ಒಣ ಅಂಕಿ 30, ಒದ್ದೆಯದು 25 ಇದ್ದರೆ ತೇವಾಂಶ ಸುಮಾರು ಶೇ. 67. ಒದ್ದೆಯದು 20 ಇದ್ದರೆ ಶೇ. 39. ಈಗ ನಿಮ್ಮ ಎರಡು ದಿನಗಳನ್ನು ಹೋಲಿಸೋಣ. 38 ಡಿಗ್ರಿಯ ದಿನ ತೇವಾಂಶ ಶೇ. 25 ಇದ್ದಿದ್ದರೆ ಒದ್ದೆ ಬಲ್ಬು ಸುಮಾರು 22. 32 ಡಿಗ್ರಿಯ ದಿನ ಶೇ. 80 ಇದ್ದಿದ್ದರೆ 29. ನಿಮ್ಮ ಮೈ ಹೇಳಿದ್ದೇ ಸರಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒದ್ದೆ ಬಲ್ಬು 35 ಮುಟ್ಟಿದರೆ ಆರೋಗ್ಯವಂತರೂ ನೆರಳಿನಲ್ಲಿ ಸುಮ್ಮನೆ ಕೂತು ಕೆಲವು ಗಂಟೆಗಿಂತ ಹೆಚ್ಚು ಬದುಕಲಾರರು ಎಂಬುದು ಲೆಕ್ಕದಿಂದ ಬಂದ ಮಿತಿ. ಸ್ವಯಂಸೇವಕರ ಮೇಲೆ ನಡೆದ ಪ್ರಯೋಗಗಳಲ್ಲಿ, ತೇವ ತುಂಬಿದ ಗಾಳಿಯಲ್ಲಿ 31ರ ಆಸುಪಾಸಿನಲ್ಲೇ ಹರೆಯದವರ ಮೈಬಿಸಿ ಹಿಡಿತ ತಪ್ಪಿ ಏರತೊಡಗಿದ್ದು ಕಂಡಿದೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ, ಬಿಸಿಲಿನಲ್ಲಿ ದುಡಿಯುವವರಿಗೆ ಅಪಾಯ ಅದಕ್ಕಿಂತ ಎಷ್ಟೋ ಕೆಳಗೇ ಶುರುವಾಗುತ್ತದೆ.

ಪ್ರಶ್ನೆ: ಗೋಡೆಗೆ ತೂಗುಹಾಕಿದ ಉಷ್ಣಮಾಪಕ 42 ತೋರಿಸಿದ ದಿನ ಅಧಿಕೃತ ಅಂಕಿ 37 ಎನ್ನುತ್ತಾರೆ. ಬಿಸಿಲನ್ನು ಕಡಿಮೆ ಮಾಡಿ ಹೇಳುತ್ತಾರೆಯೇ?

ಇಲ್ಲ. ಅಧಿಕೃತ ಅಂಕಿ ಗಾಳಿಯ ಉಷ್ಣಾಂಶ, ನಿಮ್ಮದು ಗೋಡೆ ಮತ್ತು ಗಾಳಿ ಸೇರಿದ್ದು. ಹವಾಮಾನ ಕೇಂದ್ರಗಳಲ್ಲಿ ಉಷ್ಣಮಾಪಕ ಬಿಳಿ ಬಣ್ಣದ, ಸುತ್ತಲೂ ಓರೆಪಟ್ಟಿಗಳಿರುವ ಪೆಟ್ಟಿಗೆಯೊಳಗೆ, ಹುಲ್ಲುನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ ಇರುತ್ತದೆ. ಗಾಳಿ ಒಳಗೆ ಹಾಯುತ್ತದೆ, ಬಿಸಿಲು ತಾಗುವುದಿಲ್ಲ. ಸ್ಟೀವನ್‌ಸನ್ ಪೆಟ್ಟಿಗೆ ಎಂದು ಅದರ ಹೆಸರು. ವಿನ್ಯಾಸ ಮಾಡಿದವರು ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್. ಗೋಡೆಯಿಂದ ದೂರ, ದಿನವಿಡೀ ನೆರಳಿರುವ, ಗಾಳಿಯಾಡುವ ಜಾಗಕ್ಕೆ ನಿಮ್ಮದನ್ನು ಸರಿಸಿ. ವ್ಯತ್ಯಾಸ ಬಹುಪಾಲು ಕರಗುತ್ತದೆ.

ಪ್ರಶ್ನೆ: ನನ್ನ ಫೋನಿನಲ್ಲಿ ವಾಯುಭಾರ ತೋರಿಸುತ್ತದೆ. ದಿನಾ ಮಧ್ಯಾಹ್ನ ಇಳಿಯುತ್ತದೆ, ಮಳೆ ಮಾತ್ರ ಬರುವುದಿಲ್ಲ. ವಾಯುಭಾರ ಕುಸಿದರೆ ಮಳೆ ಎಂದು ಓದಿದ್ದು ಸುಳ್ಳೇ?

ನೀವು ಹಿಡಿದದ್ದು ವಾತಾವರಣದ ಉಬ್ಬರವಿಳಿತವನ್ನು. ಸೂರ್ಯನ ಶಾಖವನ್ನು ಮೇಲ್ಪದರದ ಓಝೋನ್ ಮತ್ತು ಕೆಳಗಿನ ನೀರಾವಿ ಹೀರುವುದರಿಂದ ಇಡೀ ವಾಯುಮಂಡಲ 12 ಗಂಟೆಗೊಂದು ಸಲ ತೂಗಾಡುತ್ತದೆ. ವಾಯುಭಾರ ಬೆಳಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಏರಿ, ನಸುಕಿನ ಮತ್ತು ಸಂಜೆಯ 4ರ ಸುಮಾರಿಗೆ ಇಳಿಯುತ್ತದೆ. ಉಷ್ಣವಲಯದಲ್ಲಿ ಈ ಏರಿಳಿತ 2ರಿಂದ 3 ಹೆಕ್ಟೊಪಾಸ್ಕಲ್ ಇರುತ್ತದೆ. ಧ್ರುವಗಳ ಕಡೆಗೆ ಹೋದಂತೆ ತೀರಾ ಕಡಿಮೆ. ವಾಯುಭಾರ ಕುಸಿದರೆ ಮಳೆ ಎಂಬ ಸೂತ್ರ ಚಳಿದೇಶಗಳ ಅನುಭವದಿಂದ ಬಂದದ್ದು, ಅಲ್ಲಿ ಈ ದಿನದ ಏರಿಳಿತ ಅಡ್ಡ ಬರುವುದಿಲ್ಲ.

ಆದ್ದರಿಂದ ಸಂಜೆ 4ರ ಅಂಕಿಯನ್ನು ಬೆಳಗಿನ 10ರ ಜೊತೆ ಹೋಲಿಸಬೇಡಿ. ನಿನ್ನೆಯ ಸಂಜೆ 4ರ ಜೊತೆ ಹೋಲಿಸಿ. ಅದಕ್ಕಿಂತ 3, 4 ಹೆಕ್ಟೊಪಾಸ್ಕಲ್ ಕೆಳಗಿದ್ದು ಇನ್ನೂ ಇಳಿಯುತ್ತಿದ್ದರೆ ಏನೋ ಬರುತ್ತಿದೆ ಎಂದರ್ಥ. ಫೋನ್ ಒಂದೇ ಜಾಗದಲ್ಲಿರಬೇಕು. ಸಮುದ್ರಮಟ್ಟದ ಹತ್ತಿರ 8 ಮೀಟರ್ ಮೇಲೇರಿದರೆ 1 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಮೂರನೆಯ ಮಹಡಿಗೆ ಹೋಗಿ ನೋಡಿ, ಅಂಕಿ ಬದಲಾಗಿರುತ್ತದೆ. ಹೊರಗೇ ಇಡಬೇಕೆಂದಿಲ್ಲ, ಕಿಟಕಿ ಮುಚ್ಚಿದ ಕೋಣೆಯೊಳಗೂ ವಾಯುಭಾರ ಅಷ್ಟೇ.

ಇನ್ನೊಂದು ಗೊಂದಲ ಎತ್ತರದ್ದು. 900 ಮೀಟರ್ ಎತ್ತರದ ಊರಿನಲ್ಲಿ ಫೋನ್ 910ರ ಹತ್ತಿರ ತೋರಿಸಿದರೆ ಅದು ಚಂಡಮಾರುತವಲ್ಲ, ಆ ಎತ್ತರಕ್ಕೆ ಸಹಜ. ಹವಾಮಾನ ವರದಿಯ ಅಂಕಿಗಳನ್ನು ಸಮುದ್ರಮಟ್ಟಕ್ಕೆ ಹೊಂದಿಸಿರುತ್ತಾರೆ, ಅಲ್ಲಿ ಸರಾಸರಿ 1013. ಸಮುದ್ರಮಟ್ಟದಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ವಾಯುಭಾರ 870 ಹೆಕ್ಟೊಪಾಸ್ಕಲ್. 1979ರ ಅಕ್ಟೋಬರಿನಲ್ಲಿ ಪೆಸಿಫಿಕ್ ಸಾಗರದ ಟಿಪ್ ಚಂಡಮಾರುತದ ನಡುವೆ ಅಳೆದದ್ದು.

ಪ್ರಶ್ನೆ: ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 0.04 ಮಾತ್ರ. ಇಷ್ಟು ಕಡಿಮೆ ಅನಿಲ ಭೂಮಿಯನ್ನೇ ಬಿಸಿ ಮಾಡುತ್ತದೆ ಎಂದರೆ ನಂಬುವುದು ಹೇಗೆ?

ಶೇ. 99ರಷ್ಟಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಎರಡೇ ಪರಮಾಣುಗಳ ಈ ಅಣುಗಳು ನೆಲದಿಂದ ಹೊರಡುವ ಶಾಖಕಿರಣಗಳನ್ನು ತಡೆಯದೆ ಬಿಟ್ಟುಬಿಡುತ್ತವೆ. ತಡೆಯುವ ಕೆಲಸ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳದ್ದು. ಆದ್ದರಿಂದ ಇಡೀ ಗಾಳಿಯಲ್ಲಿ ಎಷ್ಟು ಪಾಲು ಎಂದು ಕೇಳಬಾರದು. ಶಾಖದ ದಾರಿಯಲ್ಲಿ ಅಡ್ಡ ನಿಲ್ಲುವ ಅಣುಗಳು ಎಷ್ಟು ಎಂದು ಕೇಳಬೇಕು. ನೆಲದಿಂದ ಬಾಹ್ಯಾಕಾಶದವರೆಗಿನ ದಾರಿಯಲ್ಲಿ ಅವು ಬೇಕಾದಷ್ಟಿವೆ. ಈ ಅನಿಲಗಳು ಇರದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಈಗಿನ ಸುಮಾರು 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು.

ಇದು ನಿನ್ನೆ ಮೊನ್ನೆ ಹುಟ್ಟಿದ ವಾದವಲ್ಲ. ಈ ಅನಿಲ ತುಂಬಿದ ಗಾಜಿನ ಕೊಳವೆ ಬಿಸಿಲಿಗೆ ಹೆಚ್ಚು ಕಾಯುತ್ತದೆ ಎಂದು ಅಮೆರಿಕದ ಯೂನಿಸ್ ಫುಟ್ 1856ರಲ್ಲೇ ತೋರಿಸಿದರು. ಅದು ಶಾಖಕಿರಣ ಹೀರುವುದನ್ನು ಜಾನ್ ಟಿಂಡಲ್ 1859ರಲ್ಲಿ ಉಪಕರಣದಿಂದ ಅಳೆದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ‍್ಹೀನಿಯಸ್, ಇದರ ಪ್ರಮಾಣ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಕೈಯಲ್ಲೇ ಲೆಕ್ಕ ಹಾಕಿದರು. ಕೈಗಾರಿಕೆಗಳು ಬರುವ ಮುನ್ನ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇದರದ್ದು 280 ಇತ್ತು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅಳತೆ ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ಕಡಿಮೆ ಎನಿಸುವ ಆ ಅಂಕಿ ಮೂಲಕ್ಕಿಂತ ಒಂದೂವರೆ ಪಟ್ಟಾಗಿದೆ ಎಂಬುದೇ ನಾವು ಗಮನಿಸಬೇಕಾದ ಸಂಗತಿ.

ಪ್ರಶ್ನೆ: ಓಝೋನ್ ಪದರದ ರಂಧ್ರದಿಂದ ಬಿಸಿಲು ಹೆಚ್ಚು ಬಂದು ಭೂಮಿ ಬಿಸಿಯಾಗುತ್ತಿದೆಯೇ?

ಇಲ್ಲ. ಓಝೋನ್ ತಡೆಯುವುದು ಚರ್ಮಕ್ಕೆ, ಕಣ್ಣಿಗೆ, ಬೆಳೆಗೆ ಹಾನಿ ಮಾಡುವ ನೇರಳಾತೀತ ಕಿರಣಗಳನ್ನು. ಅದು ತೆಳುವಾದದ್ದು ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೊಫ್ಲೋರೊ ಕಾರ್ಬನ್‌ಗಳಿಂದ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅವುಗಳ ಬಳಕೆ ನಿಂತು, ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಭೂಮಿ ಬಿಸಿಯಾಗುವ ಸಮಸ್ಯೆ ಬೇರೆಯದೇ.

ಪ್ರಶ್ನೆ: "ನಾಳೆ ಮಳೆಯ ಸಾಧ್ಯತೆ ಶೇ. 40" ಎಂದರೆ ನಾನೇನು ಮಾಡಬೇಕು?

ಹೀಗೆ ಹೇಳಿದ ನೂರು ದಿನಗಳನ್ನು ಒಟ್ಟುಗೂಡಿಸಿದರೆ ಸುಮಾರು 40 ದಿನ ಮಳೆ ಬಂದಿರಬೇಕು, ಅಷ್ಟೇ. ದಿನದ ಶೇ. 40ರಷ್ಟು ಹೊತ್ತು ಮಳೆ ಎಂದಲ್ಲ, ಮಳೆಯ ಜೋರಿನ ಬಗ್ಗೆಯೂ ಅಲ್ಲ. ಮಳೆ ಬಂದರೂ ಬಾರದಿದ್ದರೂ ಒಂದೇ ದಿನದಿಂದ ಈ ಮುನ್ಸೂಚನೆ ತಪ್ಪೋ ಸರಿಯೋ ಎಂದು ತೀರ್ಮಾನಿಸಲಾಗದು.

ಅಂಕಿ ಬರುವುದು ಹೀಗೆ. ಕಂಪ್ಯೂಟರ್ ಮಾದರಿಯನ್ನು ಒಂದೇ ಸಲ ಓಡಿಸುವುದಿಲ್ಲ. ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ ಹತ್ತಾರು ಸಲ ಓಡಿಸುತ್ತಾರೆ. ಅವುಗಳಲ್ಲಿ ಎಷ್ಟರಲ್ಲಿ ಮಳೆ ಕಂಡಿತು ಎಂಬುದು ಸಾಧ್ಯತೆಯ ಬುನಾದಿ. ಹೀಗೆ ಮಾಡಬೇಕಾದ ಅಗತ್ಯ ಗೊತ್ತಾದದ್ದು 1961ರಲ್ಲಿ. ಅಮೆರಿಕದ ಎಡ್ವರ್ಡ್ ಲೊರೆಂಜ್ ತಮ್ಮ ಪುಟ್ಟ ಮಾದರಿಯನ್ನು ಮತ್ತೆ ಓಡಿಸುವಾಗ 0.506127 ಎಂಬ ಅಂಕಿಯ ಬದಲು 0.506 ಎಂದಷ್ಟೇ ತುಂಬಿದರು. ಸ್ವಲ್ಪ ಹೊತ್ತು ಎರಡೂ ಜೊತೆಯಲ್ಲೇ ಸಾಗಿ, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹವೆ ಬಂತು.

ಏನು ಮಾಡಬೇಕೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಬಯಲಲ್ಲಿ ಹರಡಿದ್ದನ್ನು ಮುಚ್ಚುವ ಶ್ರಮ 1 ಪಾಲು, ನೆನೆದರೆ ಆಗುವ ನಷ್ಟ 10 ಪಾಲು ಎಂದಾದರೆ, ಸಾಧ್ಯತೆ ಶೇ. 10 ದಾಟಿದ ಕೂಡಲೇ ಮುಚ್ಚುವುದು ಲಾಭ. ನಷ್ಟ ಶ್ರಮದ ಎರಡರಷ್ಟೇ ಆಗಿದ್ದರೆ ಶೇ. 50ರವರೆಗೆ ಕಾಯಬಹುದು. ಒಂದೇ ಶೇ. 40 ಇಬ್ಬರಿಗೆ ಬೇರೆ ಬೇರೆ ಸಲಹೆ ಕೊಡುವುದು ಇದಕ್ಕೇ.

ಪ್ರಶ್ನೆ: ಚಂದ್ರನ ಸುತ್ತ ದೊಡ್ಡ ಉಂಗುರ ಕಂಡರೆ ಮಳೆ ಬರುತ್ತದೆಯೇ?

ಬರಬಹುದು, ಖಾತ್ರಿ ಇಲ್ಲ. ಎತ್ತರದ ತೆಳು ಮೋಡದಲ್ಲಿರುವ ಆರು ಮೂಲೆಯ ಹಿಮದ ಹರಳುಗಳು ಬೆಳಕನ್ನು ಬಗ್ಗಿಸುವುದರಿಂದ ಉಂಗುರ ಮೂಡುತ್ತದೆ. ಚಂದ್ರನಿಂದ ಉಂಗುರಕ್ಕೆ 22 ಡಿಗ್ರಿ: ಕೈ ಪೂರ್ತಿ ಚಾಚಿ ಬೆರಳು ಅಗಲಿಸಿದಾಗ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯಷ್ಟು. ಇಂಥ ಮೋಡ ಕೆಲವೊಮ್ಮೆ ಮಳೆ ತರುವ ದೊಡ್ಡ ಮೋಡರಾಶಿಯ ಮುಂಚೂಣಿಯಲ್ಲಿ ಬರುತ್ತದೆ, ಕೆಲವೊಮ್ಮೆ ಸುಮ್ಮನೆ ಹಾದುಹೋಗುತ್ತದೆ. ಚಂದ್ರನಿಗೆ ಅಂಟಿದಂತೆ ಕಾಣುವ ಚಿಕ್ಕ ಬಣ್ಣದ ಬಳೆ ಬೇರೆ. ಅದು ನೀರಹನಿಗಳ ಕೆಲಸ.

ಪ್ರಶ್ನೆ: ಸಿಡಿಲು ಎಷ್ಟು ದೂರದಲ್ಲಿದೆ ಎಂದು ತಿಳಿಯುವುದು ಹೇಗೆ? ಬಯಲಿನಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು?

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿ, ಅಷ್ಟು ಕಿಲೋಮೀಟರ್. ಎಣಿಕೆ 30ಕ್ಕಿಂತ ಕಡಿಮೆ ಇದ್ದರೆ, ಅಂದರೆ ಸಿಡಿಲು 10 ಕಿ.ಮೀ. ಒಳಗಿದ್ದರೆ, ತಕ್ಷಣ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಮಳೆ ನಿಂತ ಮೇಲೂ ಮೋಡದ ಬಾಲದಿಂದ ಸಿಡಿಲು ಬಡಿಯುತ್ತದೆ.

ಒಳಗೆ ಎಂದರೆ ಪಕ್ಕಾ ಮನೆ, ಇಲ್ಲವೇ ಗಾಜು ಏರಿಸಿದ, ಲೋಹದ ಚಾವಣಿಯ ಕಾರು. ಕಾರಿನಲ್ಲಿ ಕಾಪಾಡುವುದು ಟೈರಿನ ರಬ್ಬರ್ ಅಲ್ಲ, ವಿದ್ಯುತ್ತನ್ನು ಹೊರಮೈಯಲ್ಲೇ ನೆಲಕ್ಕೆ ಸಾಗಿಸುವ ಲೋಹದ ಕವಚ. ನಾಲ್ಕು ಕಂಬದ ಮೇಲಿನ ಚಪ್ಪರ, ಬಸ್ ತಂಗುದಾಣ ಮಳೆಗಷ್ಟೇ ರಕ್ಷಣೆ. ಮನೆಯೊಳಗೂ ನಲ್ಲಿ, ತಂತಿ ಜೋಡಿಸಿದ ಉಪಕರಣಗಳಿಂದ ದೂರವಿರಿ.

ಮರದ ಕೆಳಗೆ ನಿಲ್ಲಲೇಬೇಡಿ. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಹೀಗೆ ಹರಡುವಾಗ ನೆಲದ ಎರಡು ಬಿಂದುಗಳ ನಡುವೆ ವಿದ್ಯುತ್ ಒತ್ತಡದ ವ್ಯತ್ಯಾಸ ಇರುತ್ತದೆ. ಕಾಲುಗಳ ನಡುವಿನ ಅಂತರ ಹೆಚ್ಚಿದಷ್ಟೂ ಮೈಯಲ್ಲಿ ಹರಿಯುವ ವಿದ್ಯುತ್ ಹೆಚ್ಚು. ಮುಂಗಾಲು ಹಿಂಗಾಲು ದೂರವಿರುವ ದನಗಳು ಮರದಡಿ ಒಟ್ಟಿಗೇ ಸಾಯುವುದು ಇದರಿಂದಲೇ. ಬಯಲಲ್ಲಿ ಮಲಗುವುದೂ ಅದೇ ಕಾರಣಕ್ಕೆ ಅಪಾಯ. ಆಸರೆಯೇ ಇಲ್ಲದಿದ್ದರೆ ದಿಬ್ಬ, ಬೇಲಿ ತಂತಿ, ನೀರಿನಿಂದ ದೂರ ಸರಿಯುತ್ತಾ ಗಟ್ಟಿ ಕಟ್ಟಡದ ಕಡೆಗೇ ನಡೆಯಿರಿ. ಗುಂಪಿನಲ್ಲಿದ್ದರೆ ಚದುರಿ ನಡೆಯಿರಿ, ಒಬ್ಬರಿಗೆ ಪೆಟ್ಟಾದರೂ ಉಳಿದವರು ನೆರವಿಗೆ ಇರುತ್ತಾರೆ.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಲು ಹೆದರಬೇಡಿ. ಹೃದಯ, ಉಸಿರು ನಿಂತಿರುವವರಲ್ಲೂ ತಕ್ಷಣದ ನೆರವಿನಿಂದ ಬದುಕುವವರಿದ್ದಾರೆ. ಆಂಬುಲೆನ್ಸಿಗೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಬಾಯಿಂದ ಉಸಿರು ಕೊಡುವುದು ಗೊತ್ತಿದ್ದರೆ 30 ಒತ್ತಿಗೆ 2 ಉಸಿರು ಕೊಡಿ. ವೈದ್ಯಕೀಯ ನೆರವು ಬರುವವರೆಗೆ ನಿಲ್ಲಿಸಬೇಡಿ. ಹಲವರಿಗೆ ಪೆಟ್ಟಾಗಿದ್ದರೆ ನರಳುತ್ತಿರುವವರಿಗಿಂತ ಮೊದಲು ಉಸಿರಿಲ್ಲದೆ ಬಿದ್ದವರ ಬಳಿ ಓಡಿ.